ಅತ್ತಿಗೆ ಬೆಳೆಸಿದ ಹರಳು

ಪಶುವೈದ್ಯರ ಮುಂದೆ ಕೈಯೊಡ್ಡಿ ನಿಂತು ಭೌತಶಾಸ್ತ್ರದ ಸಂಶೋಧನೆ ಮಾಡಿದವಳು ನಮ್ಮ ಕಡೆ ನಾನೊಬ್ಬಳೇ ಇರಬೇಕು. ತೊಂಬತ್ತರ ದಶಕದ ನಡುಭಾಗದ ಮಾತು. ಮೈಸೂರಿನಲ್ಲಿ ಪಿಎಚ್.ಡಿ.ಗೆ ಸೇರಿದ್ದೆ. ಹೊಟ್ಟೆಪಾಡಿಗೆ ಪಿರಿಯಾಪಟ್ಟಣದ ಕಾಲೇಜೊಂದರಲ್ಲಿ ಪಾರ್ಟ್‌ಟೈಮ್ ಲೆಕ್ಚರರ್ ಆಗಿದ್ದೆ. ಇರುತ್ತಿದ್ದುದು ಸಾಲಿಗ್ರಾಮದ ಹತ್ತಿರದ ನಮ್ಮೂರಿನಲ್ಲಿ, ಅಣ್ಣನ ಮನೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ನಾಲೆಯ ಗದ್ದೆ, ಮನೆ ಎರಡನ್ನೂ ಅಣ್ಣನೇ ನೋಡಿಕೊಳ್ಳುತ್ತಿದ್ದ.

ನನ್ನ ಕೆಲಸ ಇನ್‌ಫ್ರಾರೆಡ್ ಬೆಳಕನ್ನು ಹಿಡಿಯುವುದು. ಕಣ್ಣಿಗೆ ಕಾಣದ, ಕೆಂಪಿಗಿಂತ ಆಚೆಗಿನ ಬೆಳಕು ಅದು. ಬಿಸಿಯಾದ ಪ್ರತಿ ವಸ್ತುವೂ ಅದನ್ನು ಸೂಸುತ್ತದೆ. ಕಾದ ಹಂಚು, ಹಸುವಿನ ಮೈ, ನಮ್ಮ ಕೆನ್ನೆ, ಎಲ್ಲವೂ. ತೊಂದರೆ ಇರುವುದೂ ಅಲ್ಲೇ. ಹಿಡಿಯುವ ಉಪಕರಣವೂ ಬೆಚ್ಚಗಿರುತ್ತದೆ. ಅದರ ಸ್ವಂತ ಶಾಖದ ಗದ್ದಲದಲ್ಲಿ ಹೊರಗಿನಿಂದ ಬಂದ ಚೂರು ಬೆಳಕು ಮುಳುಗಿಹೋಗುತ್ತದೆ. ಅದಕ್ಕೇ ನಮ್ಮ ಡಿಟೆಕ್ಟರ್‌ಗೆ ದ್ರವ ನೈಟ್ರೋಜನ್ ಸುರಿದು ತಣ್ಣಗೆ ಕೊರೆಯುವಂತೆ ಮಾಡಬೇಕಿತ್ತು. ವಿಭಾಗಕ್ಕೆ ನೈಟ್ರೋಜನ್ ಬರುವುದು ಅಪರೂಪ. ಆದರೆ ಹಸುಗಳಿಗೆ ಇಂಜೆಕ್ಷನ್ ಕೊಡುವ ಪಶು ಆಸ್ಪತ್ರೆಗಳಲ್ಲಿ ಅದು ಇರುತ್ತಿತ್ತು. ಹೋರಿಯ ವೀರ್ಯದ ಕಡ್ಡಿಗಳನ್ನು ಅದರಲ್ಲೇ ಮುಳುಗಿಸಿ ಇಡುತ್ತಾರೆ. ಹೀಗಾಗಿ ಬಿಳಿಕೆರೆಯಲ್ಲಿ ಬಸ್ಸಿಳಿದು, ಒಬ್ಬ ಡಾಕ್ಟರ ಹತ್ತಿರ ಹೋಗಿ ಫ್ಲಾಸ್ಕು ಚಾಚುವುದು ನನಗೆ ಅಭ್ಯಾಸವಾಗಿತ್ತು.

ಒಂದು ದಿನ ಅವರು ಫ್ಲಾಸ್ಕು ಮುಟ್ಟಲೇ ಇಲ್ಲ.

“ಈ ಸಲ ಆಗಲ್ಲ ಕಣ್ರೀ ಮೇಡಂ. ಕ್ಯಾನ್ ತಳ ಕಾಣ್ತಾ ಐತೆ. ಗಾಡಿ ಯಾವಾಗ ಬತ್ತದೋ ಗೊತ್ತಿಲ್ಲ.”

“ಸ್ವಲ್ಪ ಕೊಡಿ ಸಾಕು ಡಾಕ್ಟ್ರೇ. ಇವತ್ತು ರೀಡಿಂಗ್ ತಗೊಳ್ಳದಿದ್ರೆ ನಂಗೆ ಮತ್ತೆ ಲ್ಯಾಬ್ ಸಿಗಲ್ಲ.”

“ನಿಮ್ಗೆ ಕೊಟ್ಬುಟ್ರೆ ಒಳಗಿರೋ ಕಡ್ಡಿ ಎಲ್ಲಾ ಸತ್ತೋಯ್ತವೆ. ಹಸು ಹಿಡ್ಕಂಡು ಬಂದು ನಿಂತವ್ರೆ, ನೋಡಿ. ಅವ್ರಿಗೆ ಏನಂತ ಹೇಳ್ಳಿ?”

ಹೊರಗೆ ಹೊಂಗೆ ಮರದ ಕೆಳಗೆ ಮೂರು ನಾಲ್ಕು ಜನ ಹಸು ಹಿಡಿದು ನಿಂತಿದ್ದರು. ಖಾಲಿ ಫ್ಲಾಸ್ಕು ಎತ್ತಿಕೊಂಡು ಮೈಸೂರಿಗೆ ಹೋದೆ. ನನ್ನ ಗೈಡ್ ಡಿಟೆಕ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕೂತಿದ್ದರು. ಅದರ ಕಿಟಕಿ ಸೀಳಿ ಒಳಗಿನ ನಿರ್ವಾತ ಹೋಗಿಬಿಟ್ಟಿತ್ತು. ಹೊಸದು ತರಿಸುವ ಮಾತೇ ಇರಲಿಲ್ಲ. ಅಷ್ಟು ವರ್ಷ ಓಡಾಡಿದ್ದು ಅಲ್ಲಿಗೆ ಮುಗಿಯಿತು ಅನ್ನಿಸಿತು.

ಗೈಡ್ ನಿವೃತ್ತಿಯ ಅಂಚಿನಲ್ಲಿದ್ದವರು, ಮಾತು ಕಡಿಮೆ. ಬಿಚ್ಚಿಟ್ಟ ತುಂಡುಗಳನ್ನು ಒಂದೆಡೆ ಸರಿಸಿ ಹೇಳಿದರು: “ನೋಡಮ್ಮ, ತಣ್ಣಗೆ ಮಾಡೋಕೆ ಆಗಲ್ಲ ಅಂದ ಮೇಲೆ, ತಣ್ಣಗೆ ಮಾಡದೆ ಹಿಡಿಯೋ ದಾರಿ ನೋಡಬೇಕು. ಒಂದು ಒಳ್ಳೆ ಹರಳು ಬೆಳೆಸ್ತೀಯಾ?”

ಆ ದಾರಿ ಹೀಗಿತ್ತು. ಎರಡು ಟಾರ್ಚುಗಳ ಬೆಳಕು ಗಾಳಿಯಲ್ಲಿ ಒಂದನ್ನೊಂದು ದಾಟಿದರೆ ಏನೂ ಆಗುವುದಿಲ್ಲ. ಆದರೆ ಕೆಲವು ಹರಳುಗಳ ಒಳಗೆ ಲೇಸರಿನಂಥ ತೀಕ್ಷ್ಣ ಬೆಳಕು ಹೊಕ್ಕಾಗ ಎರಡು ಬೆಳಕು ಕೂಡಿ ಮೂರನೆಯದು ಹುಟ್ಟುತ್ತದೆ. ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮಾಣಿಕ್ಯದ ಲೇಸರಿನ ಕಡುಗೆಂಪಿನ ಜೊತೆ ಲಿಥಿಯಂ ಅಯೋಡೇಟ್ ಎಂಬ ಲವಣದ ಹರಳಿನಲ್ಲಿ ಹಾಯಿಸಿದರೆ, ಆಚೆ ಕಡೆಯಿಂದ ಹಳದಿ ಬೆರೆತ ಹಸಿರು ಬರಬೇಕು. ಆ ಹಸಿರನ್ನು ಸಾಧಾರಣ ಬೆಳಕಿನ ಉಪಕರಣವೇ, ಕೋಣೆಯ ಶಾಖದಲ್ಲೇ ಹಿಡಿಯುತ್ತದೆ. ನೈಟ್ರೋಜನ್ ಬೇಡ. ಇನ್‌ಫ್ರಾರೆಡ್ ಸೂಸುವ ದೀಪ, ಲೇಸರು ಎಲ್ಲ ಇತ್ತು, ಹರಳು ಒಂದು ಇರಲಿಲ್ಲ.

ಹರಳು ಬೆಳೆಸುವುದು ಕೇಳಲು ಸುಲಭ. ಲವಣವನ್ನು ನೀರಿನಲ್ಲಿ ಕರಗಿಸಿ, ಒಂದು ಚಿಕ್ಕ ಬೀಜದ ಹರಳನ್ನು ನೈಲಾನ್ ದಾರದಲ್ಲಿ ಇಳಿಬಿಟ್ಟು, ಒಂದೇ ಬಿಸಿಯಲ್ಲಿ ನೀರು ಸಾವಕಾಶ ಆರುವಂತೆ ನೋಡಿಕೊಳ್ಳಬೇಕು. ಬಿಸಿ ಏರಿಳಿದರೆ ಹರಳು ಆತುರದಲ್ಲಿ ಬೆಳೆದು ಒಳಗೆ ನೀರಿನ ಹನಿ ಕಟ್ಟಿಕೊಂಡು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬೆಳ್ಳಗಾದ ಹರಳು ಉಪ್ಪಿನ ಹೆಂಟೆಗೆ ಸಮ. ಲ್ಯಾಬಿನಲ್ಲಿ ಸಂಜೆ ಮೇನ್ ಸ್ವಿಚ್ ಆರಿಸಿ ಬೀಗ ಹಾಕುತ್ತಿದ್ದರು. ಹಾಗಾಗಿ ಜಾಡಿಯನ್ನು ಊರಿಗೆ ತಂದೆ. ಮನೆಯ ಪಕ್ಕದ ಕೋಣೆಯಲ್ಲಿ, ಭತ್ತದ ಹೊಟ್ಟು ತುಂಬಿದ ಮರದ ಪೆಟ್ಟಿಗೆಯೊಳಗೆ ಅದನ್ನಿಟ್ಟು, ಕೆಳಗೊಂದು ಬಲ್ಬು ಉರಿಸಿ, ಥರ್ಮಾಮೀಟರ್ ಸಿಕ್ಕಿಸಿದೆ.

ನಾನು ಪಾಠಕ್ಕೆ ಹೋದಾಗ ಅದನ್ನು ಕಾಯುತ್ತಿದ್ದವಳು ಅತ್ತಿಗೆ.

ಅತ್ತಿಗೆ ಎಚ್.ಡಿ. ಕೋಟೆ ಕಡೆಯವಳು, ಕಾಕನಕೋಟೆಯ ಕಾಡಂಚಿನ ಊರಿನವಳು. ನನಗಿಂತ ಸ್ವಲ್ಪವೇ ದೊಡ್ಡವಳು. ಅವಳಿಗೆ ಬಸಿರು ನಿಂತಾಗೆಲ್ಲ ಇಳಿದುಹೋಗಿತ್ತು. ಅವ್ವನಿಗೆ ಅದೇ ಕೊರಗು. ಅವ್ವನ ಕೊರಗು ಮಾತಾಗಿ, ಮಾತು ದಿನವೂ ಊಟದ ಹೊತ್ತಿಗೆ ಬರುವ ಕುಟುಕಾಗಿತ್ತು. ಅತ್ತಿಗೆ ಥರ್ಮಾಮೀಟರ್ ಓದುವುದನ್ನು ಒಂದೇ ಸಲಕ್ಕೆ ಕಲಿತಳು. ಕುತೂಹಲದಿಂದ ಕಲಿತಳು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಆ ಕೋಣೆಗೆ ಅವ್ವ ಕಾಲಿಡುತ್ತಿರಲಿಲ್ಲ. ಮನೆಯಲ್ಲಿ ಅವಳಿಗೆ ಉಸಿರಾಡಲು ಸಿಕ್ಕಿದ್ದ ಜಾಗ ಅದೊಂದೇ.

ಹರಳು ಚೆನ್ನಾಗಿಯೇ ಏರುತ್ತಿತ್ತು. ಹೆಬ್ಬೆರಳಿನ ತುದಿಯಷ್ಟಾಗಿತ್ತು, ಆರು ಮೂಲೆ, ಗಾಜಿನಂತೆ ತಿಳಿ. ಅಷ್ಟರಲ್ಲಿ ಮುಂಗಾರಿನ ಗಾಳಿಗೆ ನಾಲೆ ಏರಿಯ ಮೇಲಿನ ಕಂಬಗಳು ಉರುಳಿ ಕರೆಂಟು ಹೋಯಿತು. ಲೈನ್‌ಮನ್ ಬಂದು ನೋಡಿ, ಕಂಬ ಬರಬೇಕು ಅಂತ ಹೇಳಿ ಹೋದ. ನಾನೂ ಅತ್ತಿಗೆಯೂ ಹಂಡೆಯಲ್ಲಿ ನೀರು ಕಾಯಿಸಿ, ಬಾಟಲಿಗಳಿಗೆ ತುಂಬಿ, ಹೊಟ್ಟಿನೊಳಗೆ ಹೂತು, ತಣ್ಣಗಾದದ್ದನ್ನು ತೆಗೆದು ಮತ್ತೆ ಬಿಸಿಯದನ್ನು ಇಟ್ಟೆವು. ನಾನು ಕಾಲೇಜಿಗೆ ರಜೆ ಹಾಕಿದೆ. ಒದ್ದೆ ಸೌದೆ ಉರಿಯುತ್ತಿರಲಿಲ್ಲ, ಹೊಗೆಯಲ್ಲಿ ಇಬ್ಬರ ಕಣ್ಣೂ ಊದಿಕೊಂಡಿತ್ತು. ಎಷ್ಟು ಮಾಡಿದರೂ ಬಿಸಿ ಒಂದೇ ಸಮ ನಿಲ್ಲಲಿಲ್ಲ. ಮುಚ್ಚಳದಲ್ಲಿ ಕಟ್ಟಿದ ಹನಿ ಬಿದ್ದು ಹರಳಿನ ಮೂಲೆ ಕರಗಿತು. ಈ ಲವಣ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುವಂಥದು, ಹಾಗಾಗಿ ಮತ್ತೆ ಬಿಸಿ ಏರಿದಾಗ ಅದರ ಮೇಲೆ ಬೆಳ್ಳನೆಯ ಪದರ ಕೂತಿತು. ಕರೆಂಟು ಬಂದ ದಿನ ಅತ್ತಿಗೆ ಮುಚ್ಚಳ ತೆಗೆದು ನೋಡಿದಳು.

“ಇದೂ ಓಯ್ತಲ್ಲವ್ವಾ,” ಅಂದಳು.

ಅಳಲಿಲ್ಲ. ಪೆಟ್ಟಿಗೆಗೆ ಒರಗಿ ಕೂತವಳು ಮಧ್ಯಾಹ್ನವಾದರೂ ಏಳಲಿಲ್ಲ. ‘ಇದೂ’ ಅಂದಳಲ್ಲ, ಆ ಮಾತು ನನ್ನ ಎದೆಗೆ ತಗುಲಿತು. ನನ್ನ ಸಂಶೋಧನೆಯ ಅವಧಿ ಮುಗಿಯುತ್ತ ಬಂದಿತ್ತು. ಪಿಎಚ್.ಡಿ. ಆಗದಿದ್ದರೆ ಕಾಲೇಜಿನ ಕೆಲಸವೂ ಹೋಗುತ್ತಿತ್ತು.

ಗೈಡ್ ಬೆಳ್ಳಗಾದ ಹರಳನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. “ಬಿಸಿಯೇ ಬೇಡ ಬಿಡು. ಕೋಣೆಯ ಶಾಖದಲ್ಲೇ ಆರಲಿ. ತಿಂಗಳುಗಟ್ಟಲೆ ಹಿಡಿಯುತ್ತೆ, ಆದರೆ ಕರೆಂಟಿನ ಹಂಗಿಲ್ಲ. ದಪ್ಪ ಮಣ್ಣಿನ ಗೋಡೆಯ ಮನೆ ಬೇಕು. ಹಗಲು ಇರುಳಿಗೆ ಬಿಸಿ ತುಂಬಾ ಬದಲಾಗಬಾರದು.” ನಮ್ಮ ಮನೆಗೆ ಅಣ್ಣ ಆಗಲೇ ತಾರಸಿ ಹಾಕಿಸಿದ್ದ. ಬಿಸಿಲು ಬಿದ್ದರೆ ಒಲೆ, ಬಿಸಿಲು ಇಳಿದರೆ ತಂಪು. ಏನು ಮಾಡಲಿ ಎಂದು ಯೋಚಿಸುತ್ತ ಊರಿಗೆ ಬಂದರೆ ಮನೆಯಲ್ಲಿ ಬೇರೆಯೇ ನಡೆದಿತ್ತು.

ಅವ್ವ ಅಣ್ಣನಿಗೆ ಎರಡನೆಯ ಸಂಬಂಧ ನೋಡಿದ್ದಳು. ಅಣ್ಣ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಜಗಲಿಯಲ್ಲಿ ಕೂತು ಕಾಲಿನ ಕೆಸರು ಕೆರೆಯುತ್ತಿದ್ದ.

“ಕಾನೂನು ಇದೆ ಕಣಣ್ಣ, ಅತ್ತಿಗೆ ಇರೋವಾಗ ಹಂಗೆಲ್ಲ ಮಾಡಂಗಿಲ್ಲ,” ಅಂದೆ.

ಅವ್ವ ಒಳಗಿಂದಲೇ ಕೂಗಿದಳು: “ಕಾನೂನು ಬಂದು ನನ್ ಮಗನ್ಗೆ ಮಗ ಎತ್ತು ಕೊಟ್ಟದಾ? ನೀನು ಮದ್ವೆ ಬ್ಯಾಡ ಅಂತ ಬಸ್ಸತ್ಕೊಂಡು ತಿರುಗ್ತೀಯ. ಇವ್ಳು ಇಂಗೆ. ನನ್ ಮನೆ ಅಳ್ಳ ಹಿಡೀಲಿ ಅಂತ ಇಬ್ರೂ ಸೇರ್ಕಂಡಿದ್ದೀರ.”

“ಅಣ್ಣ, ನೀನಾದ್ರೂ ಮಾತಾಡೋ.”

“ನಂಗೇನ್ ಕೇಳೀಯೆ?” ಅಂದ ಅಣ್ಣ, ತಲೆ ಎತ್ತದೆ. “ಅವ್ವ ಏಳ್ದಂಗೆ ಆಗ್ಲಿ ಬುಡು.”

ಅತ್ತಿಗೆಯನ್ನು ಸ್ವಲ್ಪ ದಿನದ ಮಟ್ಟಿಗೆ ತವರಿಗೆ ಕಳಿಸುವುದು ಎಂದಾಯಿತು. ಸ್ವಲ್ಪ ದಿನ ಅಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತಿಗೆ ಬಟ್ಟೆ ಕಟ್ಟುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಹರಳಿಗೆ ಮಣ್ಣಿನ ಗೋಡೆಯ ಮನೆ ಬೇಕೆಂದು ಗೈಡ್ ಹೇಳಿದ್ದನ್ನು ಹೇಳಿದೆ. ಅವಳು ಗಂಟು ಬಿಟ್ಟು ತಿರುಗಿದಳು.

“ನಮ್ಮಪ್ಪನ ಮನೆ ಮಣ್ ಗ್ವಾಡೆದೇ ಅಲ್ವಾ. ಒಳಗಿನ ಕ್ವಾಣೆ ಬ್ಯಾಸ್ಗೇಲೂ ತಣ್ಗಿರ್ತದೆ. ಅದ ನಂಗೆ ಕೊಡವ್ವ.”

“ಅಲ್ಲಿ ನಿಂಗೆ ಇದೆಲ್ಲ ಯಾಕೆ ಅತ್ತಿಗೆ?”

“ಬರಿಗೈಲಿ ತೌರಿಗೆ ಓಗಾಕೆ ನನ್ ಕೈಲಿ ಆಗಕಿಲ್ಲ ಕಣವ್ವ.”

ಮಾರನೆಯ ದಿನ ಅವಳನ್ನು ಬಿಡಲು ನಾನೇ ಹೋದೆ. ಅಣ್ಣ ಬರಲಿಲ್ಲ. ದ್ರಾವಣದ ದಪ್ಪ ಬಾಟಲಿ ಅವಳ ತೊಡೆಯ ಮೇಲೆ, ಹತ್ತಿಯಲ್ಲಿ ಸುತ್ತಿದ ಬೀಜದ ಹರಳು ನನ್ನ ಬ್ಯಾಗಿನಲ್ಲಿ. ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿದೆವು, ಹುಣಸೂರಿನಲ್ಲಿ ಮತ್ತೆ ಬದಲಿಸಿದೆವು. ಕೋಟೆ ಬಸ್ಸಿನ ಕಂಡಕ್ಟರು, “ಏನಕ್ಕ ಅದು, ಹಂಗೆ ತಬ್ಕೊಂಡಿದ್ದೀರಿ?” ಎಂದು ಕೇಳಿದ. “ಉಪ್ಪು ನೀರು ಕಣಣ್ಣ,” ಅಂದಳು ಅತ್ತಿಗೆ. ಅವನು ನಕ್ಕು ಮುಂದೆ ಹೋದ. ಅವಳು ಕಿಟಕಿ ಕಡೆ ಮುಖ ತಿರುಗಿಸಿದಳು.

ಅವಳ ತವರಿನಲ್ಲಿ ಅಪ್ಪ, ತಮ್ಮ, ತಮ್ಮನ ಹೆಂಡತಿ ಇದ್ದರು. ಒಳಕೋಣೆಯಲ್ಲಿ ಕಾಳು ತುಂಬುವ ಹಳೆಯ ಮಣ್ಣಿನ ವಾಡೆಗಳ ನಡುವೆ ಜಾಗ ಮಾಡಿದೆವು. ಹೊಲಕ್ಕೆ ಇಳಿದ ಆನೆ ಓಡಿಸಲು ಊರವರು ಪಟಾಕಿ ಸಿಡಿಸಿದರೆ ನೆಲ ಅದುರುತ್ತದೆಂದು ಜಾಡಿಯ ಕೆಳಗೆ ಹುಲ್ಲಿನ ಸಿಂಬೆ ಇಟ್ಟೆವು. ಮುಚ್ಚಳದ ಮೇಲೆ ತೆಳು ಬಟ್ಟೆ. ಆ ಕೋಣೆಯಲ್ಲಿ ದೀಪದ ಬುಡ್ಡಿ ಬಿಟ್ಟರೆ ಬೇರೇನೂ ಉರಿಯುತ್ತಿರಲಿಲ್ಲ. ನಾನು ಬಸ್ಸು ಹತ್ತುವಾಗ ಅತ್ತಿಗೆ ಕೈ ಹಿಡಿದುಕೊಂಡು, “ಬತ್ತಾ ಇರು,” ಅಂದಳಷ್ಟೆ.

ಅವ್ವನ ಜೊತೆ ಜಗಳವಾಡಿ ಹುಣಸೂರಿನಲ್ಲಿ ಒಂದು ರೂಮು ಮಾಡಿದೆ. ವಾರವಿಡೀ ಪಿರಿಯಾಪಟ್ಟಣದಲ್ಲಿ ಪಾಠ, ಭಾನುವಾರ ಬಂದರೆ ಕೋಟೆ ಬಸ್ಸು. ಹರಳು ಬೆಳೆಯುತ್ತಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟು ನಿಧಾನ. ಗೈಡ್ ನಿವೃತ್ತರಾದರು. ಹಳೆಯ ಲೇಸರನ್ನು ಮೂಲೆಗೆ ಹಾಕುವ ಮಾತು ವಿಭಾಗದಲ್ಲಿ ಶುರುವಾಗಿತ್ತು. ಅವರು ದಿನ ಬಿಟ್ಟು ದಿನ ಹೋಗಿ ಬೇಡಿಕೊಂಡು ಅದನ್ನು ಉಳಿಸಿದ್ದರು. ಆ ವಯಸ್ಸಿನಲ್ಲಿ ಅವರು ಬೇರೆಯವರ ಬಾಗಿಲಲ್ಲಿ ನಿಲ್ಲುವುದನ್ನು ನೋಡಿ, ಸಾರ್, ಬಿಟ್ಟುಬಿಡೋಣ ಅಂದೆ. “ಹರಳು ಬೆಳೀತಾ ಇದೆಯಲ್ಲಮ್ಮ, ಮಧ್ಯದಲ್ಲಿ ಹೇಗೆ ಬಿಡ್ತೀಯ?” ಅಂದರು.

ಅಣ್ಣನ ಮದುವೆ ಯಾವುದೋ ಸಣ್ಣ ಗುಡಿಯಲ್ಲಿ ಸದ್ದಿಲ್ಲದೆ ನಡೆಯಿತು. ನನ್ನನ್ನು ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ. ಅದನ್ನು ಅತ್ತಿಗೆಗೆ ಹೇಳಬೇಕಾದವಳು ನಾನಾದೆ. ಒಳಕೋಣೆಯಲ್ಲಿ ಜಾಡಿಯ ಮುಂದೆ ಕೂತಿದ್ದಾಗ ಹೇಳಿದೆ. ಅವಳು ಕೇಳಿಸಿಕೊಂಡಳು. ಬುಡ್ಡಿ ದೀಪ ಎತ್ತಿ ಜಾಡಿಯ ಹತ್ತಿರ ಹಿಡಿದಳು.

“ಈ ಮೂಲೇಲಿ ಒಂದು ಗೆರೆ ಬಂದಂಗದೆ. ಸೀಳ್ತಾ ಐತಾ, ನೋಡವ್ವ.”

“ಅತ್ತಿಗೆ, ನಾನು ಹೇಳಿದ್ದು...”

“ಕೇಳುಸ್ತು. ನೀನು ಇದ ನೋಡು ಮೊದ್ಲು.”

ನೋಡಿದೆ. ಸೀಳಿರಲಿಲ್ಲ, ಹೊಸ ಅಂಚೊಂದು ಮೂಡುತ್ತಿತ್ತು. ಹಾಗೆಂದು ಹೇಳಿದೆ. ಆಗ ಅವಳು ದೀಪವನ್ನು ನನ್ನ ಕಡೆ ಚಾಚಿದಳು. ನಾನು ಇಸಿದುಕೊಂಡು ಕೆಳಗಿಟ್ಟೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ನಡುಮನೆಯಲ್ಲಿದ್ದ ತಮ್ಮನ ಹೆಂಡತಿಗೆ ಕೇಳಿಸಬಾರದು ಎಂದು.

ಬೇಸಿಗೆ ಕಳೆಯುವ ಹೊತ್ತಿಗೆ ಹರಳು ಸಾಕಷ್ಟು ದೊಡ್ಡದಾಗಿತ್ತು. ದಾರ ಕತ್ತರಿಸಿ ಎಣ್ಣೆಯಲ್ಲಿ ಅದ್ದಿ ತೆಗೆದು ಹಿಡಿದಾಗ ಆಚೆ ಕಡೆಯ ಗೋಡೆಯ ಬಿರುಕು ಅದರ ಮೂಲಕ ನೇರವಾಗಿ ಕಂಡಿತು. ಅಷ್ಟು ತಿಳಿ. ಅತ್ತಿಗೆ ಅದನ್ನು ಯಾರ ಕೈಗೂ ಕೊಡಲಿಲ್ಲ. ತಾನೇ ಮಡಿಲಲ್ಲಿ ಇಟ್ಟುಕೊಂಡು ನನ್ನ ಜೊತೆ ಹುಣಸೂರಿಗೆ ಬಂದಳು. ತಮ್ಮನ ಮನೆಗೆ ವಾಪಸು ಹೋಗುವ ಮಾತನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹರಳನ್ನು ಗೈಡ್ ಹೇಳಿದ ಕೋನಕ್ಕೆ ಒದ್ದೆ ದಾರದಿಂದ ಕೊಯ್ದೆ. ಆ ಲವಣ ನೀರಿನಲ್ಲಿ ಕರಗುವುದರಿಂದ ಒದ್ದೆ ದಾರವೇ ಅದಕ್ಕೆ ಗರಗಸ. ಮುಖಗಳನ್ನು ಹಳೆಯ ರೇಷ್ಮೆ ಸೀರೆಯ ತುಂಡಿನ ಮೇಲೆ ಉಜ್ಜಿ ನುಣುಪು ಮಾಡಿದೆ. ಕೈ ಬೆವರಿದರೆ ಹರಳಿಗೆ ಮಂಜು ಕವಿಯುತ್ತದೆ. ನನಗೋ ಆ ದಿನಗಳಲ್ಲಿ ಸುಮ್ಮನೆ ಕೂತರೂ ಅಂಗೈ ಒದ್ದೆ. ಉಜ್ಜಿ, ಕೆಡಿಸಿ, ಮತ್ತೆ ಉಜ್ಜಿ, ಹರಳು ಸವೆಯುತ್ತಾ ಬಂತು. ಇನ್ನೊಂದು ಸಲ ಕೆಟ್ಟರೆ ಉಳಿಯುವುದಿಲ್ಲ ಅನ್ನುವ ಹಂತದಲ್ಲಿ ಹೇಗೋ ಸರಿಯಾಯಿತು.

ಪ್ರಯೋಗದ ದಿನ ಅತ್ತಿಗೆಯೂ ಮೈಸೂರಿಗೆ ಬಂದಳು. ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಕೋಣೆ. ಮೂವರಿಗೂ ಕಣ್ಣಿಗೆ ಗಾಗಲ್ಸ್. ಮಾಣಿಕ್ಯದ ಲೇಸರನ್ನು ಉರಿಸುವ ಫ್ಲಾಶ್ ದೀಪ ಒಂದೇ ಉಳಿದಿತ್ತು, ಅದೂ ಹಳೆಯದು. ಹೊಡೆದಾಗಲೆಲ್ಲ ಚಟ್ ಎಂದು ಶಬ್ದವಾಗಿ ಕೋಣೆ ಬೆದರುತ್ತಿತ್ತು. ಇದೇ ಕೊನೆಯದಾದೀತೇ ಎಂದು ನಾನು ಪ್ರತಿ ಸಲವೂ ಉಸಿರು ಹಿಡಿಯುತ್ತಿದ್ದೆ. ಎರಡು ಬೆಳಕೂ ಹರಳಿನೊಳಗೆ ಸರಿಯಾದ ಓರೆಯಲ್ಲಿ ಕೂಡದಿದ್ದರೆ ಏನೂ ಹುಟ್ಟುವುದಿಲ್ಲ. ನಾನು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಗೈಡ್ ಹೊಡೆಯುವುದು, ಬೆಳಕನ್ನು ಅಳೆಯುವ ಉಪಕರಣದ ಪರದೆಯಲ್ಲಿ ಗೆರೆ ಚಪ್ಪಟೆಯಾಗಿ ಮಲಗಿರುವುದು. ಮತ್ತೆ ತಿರುಪು, ಮತ್ತೆ ಚಟ್, ಮತ್ತೆ ಚಪ್ಪಟೆ.

ಒಮ್ಮೆ ಗೆರೆ ಎದ್ದಿತು. ನಾನು ಕೂಗಿಕೊಂಡೆ. ಗೈಡ್ ಮಾತ್ರ, “ಇನ್‌ಫ್ರಾರೆಡ್‌ಗೆ ಅಡ್ಡ ಹಿಡಿದು ನೋಡು,” ಅಂದರು. ರಟ್ಟು ಅಡ್ಡ ಹಿಡಿದೆ. ಗೆರೆ ಹಾಗೇ ಎದ್ದಿತು. ಅಂದರೆ ಅದು ನಮ್ಮ ಬೆಳಕಲ್ಲ, ಫ್ಲಾಶ್ ದೀಪದಿಂದಲೇ ಎಲ್ಲೋ ಸೋರಿದ ಬೆಳಕು. ನಾನು ನೆಲದ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷಕ್ಕೆ ಸಿಕ್ಕಿದ್ದು ಸೋರಿಕೆ. ಸಾಕು ಸಾರ್, ಅಂದೆ.

ಅತ್ತಿಗೆ ಎದ್ದು ಬಂದಳು. “ಎಲ್ಲಿ ಸೋರ್ತದೆ ಸಾರ್? ಮುಚ್ಚುದ್ರೆ ಆಯ್ತದಲ್ಲ?” ಗೈಡ್ ತೋರಿಸಿದರು. ಇಬ್ಬರೂ ಸೇರಿ ಕಪ್ಪು ಬಟ್ಟೆ, ಕಪ್ಪು ಕಾಗದ ಸುತ್ತಿ ಸಂದುಗಳನ್ನು ಮುಚ್ಚಿದರು. ಗೈಡ್ ಮತ್ತೆ ಹೊಡೆದರು. ಚಪ್ಪಟೆ. ನನ್ನನ್ನು ಎಬ್ಬಿಸಿ ತಿರುಪಿನ ಮುಂದೆ ಕೂರಿಸಿದರು. ತಿರುಗಿಸಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಗೆರೆಯಲ್ಲಿ ಸಣ್ಣದೊಂದು ಉಬ್ಬು ಕಂಡಿತು, ಮೊದಲಿನದಕ್ಕಿಂತ ಚಿಕ್ಕದು. ಈ ಸಲ ನಾನು ಕೂಗಲಿಲ್ಲ.

“ಅಡ್ಡ ಹಿಡಿ,” ಅಂದರು ಗೈಡ್. ನಾನು ತಿರುಪಿನಿಂದ ಕೈ ತೆಗೆಯುವಂತಿರಲಿಲ್ಲ. ಇನ್‌ಫ್ರಾರೆಡ್ ಬರುವ ಕಡೆ ಅತ್ತಿಗೆ ನಿಂತಿದ್ದಳು. ಅದು ಸುಡುವಷ್ಟು ಬಲದ್ದಲ್ಲ. ಕೈ ಇಡು ಅತ್ತಿಗೆ, ಅಂದೆ. ಅವಳು ಅಂಗೈ ಅಡ್ಡ ಇಟ್ಟಳು. ಚಟ್. ಗೆರೆ ಚಪ್ಪಟೆ. ತೆಗಿ, ಅಂದೆ. ಚಟ್. ಉಬ್ಬು. ಮತ್ತೆ ಇಟ್ಟಳು, ಇಲ್ಲ. ತೆಗೆದಳು, ಇದೆ.

“ಇಲ್ಲಿ ಏನೂ ಕಾಣ್ತಿಲ್ವಲ್ಲವ್ವ,” ಎಂದು ಅವಳು ತನ್ನ ಬರಿ ಅಂಗೈಯನ್ನೇ ನೋಡಿಕೊಂಡಳು. “ನಾನು ಏನ ತಡೀತಿದ್ದೀನಿ?”

ಗೈಡ್ ಗಾಗಲ್ಸ್ ತೆಗೆದು ಒರೆಸಿಕೊಳ್ಳುತ್ತಿದ್ದರು. ನಾನು ಪುಸ್ತಕ ತೆಗೆದು ಮೊದಲ ರೀಡಿಂಗ್ ಬರೆದುಕೊಂಡೆ.

ಒಂದಿಷ್ಟು ರೀಡಿಂಗ್ ತೆಗೆದುಕೊಳ್ಳುವಷ್ಟರಲ್ಲಿ ಫ್ಲಾಶ್ ದೀಪ ಒಡೆಯಿತು. ಅದೇ ಕೊನೆ. ಇದ್ದಷ್ಟರಲ್ಲೇ ಪ್ರಬಂಧ ಬರೆದು ಕೊಟ್ಟೆ. ರೀಡಿಂಗ್ ಸಾಲದೆಂದು ಪರೀಕ್ಷಕರು ವಾಪಸು ಕಳಿಸಿದರು. ಅವರು ಹೇಳಿದ್ದು ತಪ್ಪಲ್ಲ. ಗೈಡ್ ತಮ್ಮ ಹಳೆಯ ಶಿಷ್ಯರೊಬ್ಬರನ್ನು ಕೇಳಿಕೊಂಡು ಬೇರೆ ಊರಿನ ಲ್ಯಾಬಿನಲ್ಲಿ ನನಗೆ ಕೆಲವು ದಿನ ಜಾಗ ಕೊಡಿಸಿದರು. ಆ ಮಳೆಗಾಲದ ತೇವಕ್ಕೆ ಹರಳಿನ ಮುಖ ಮಂಜುಗಟ್ಟಿತ್ತು. ಮತ್ತೆ ಉಜ್ಜಿ, ಇನ್ನೂ ತೆಳುವಾದ ಚೂರಿನಲ್ಲೇ ಅಳತೆ ಮುಗಿಸಿದೆ. ಡಿಗ್ರಿ ಬರುವ ಹೊತ್ತಿಗೆ ಗೈಡ್ ಹಾಸಿಗೆ ಹಿಡಿದಿದ್ದರು. ಹೋಗಿ ಹೇಳಿದಾಗ ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. ಕಾಲೇಜಿನಲ್ಲಿ ಕಾಯಂ ಆಗುವ ವಯಸ್ಸು ನನಗೆ ದಾಟಿಹೋಗಿತ್ತು. ಪಾರ್ಟ್‌ಟೈಮ್ ಆಗಿಯೇ ಮುಂದುವರಿದೆ.

ಅತ್ತಿಗೆ ಹುಣಸೂರಿನಲ್ಲೇ ಒಂದು ಹಾಸ್ಟೆಲಿನ ಅಡುಗೆಗೆ ಸೇರಿದಳು. ರೂಮು ಬಿಟ್ಟು ಇಬ್ಬರೂ ಒಂದು ಸಣ್ಣ ಮನೆ ಹಿಡಿದೆವು.

ಕೆಲವು ವರ್ಷಗಳ ಮೇಲೆ ಅಣ್ಣ ಒಮ್ಮೆ ಬಂದ. ಎರಡನೆಯವಳಿಗೆ ಮಗುವಾಗಿತ್ತು, ಅವಳಿಗೆ ಮೈ ಹುಷಾರಿರಲಿಲ್ಲ, ಅವ್ವನಿಗೂ ಕೈಲಾಗುತ್ತಿರಲಿಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಗದ್ದೆಯ ವಿಷಯ, ಮಳೆಯ ವಿಷಯ ಏನೇನೋ ಮಾತಾಡಿದ. ಅತ್ತಿಗೆ ಕಾಫಿ ತಂದುಕೊಟ್ಟು ಗೋಡೆಗೆ ಒರಗಿ ನಿಂತಳು. ಕಡೆಗೆ ಅಣ್ಣ ಲೋಟ ನೋಡುತ್ತ ಕೇಳಿದ, “ಬತ್ತೀಯಾ?”

“ಎಲ್ಗೆ?” ಅಂದಳು ಅತ್ತಿಗೆ.

ಅವಳು ವ್ಯಂಗ್ಯವಾಗಿ ಕೇಳಲಿಲ್ಲ. ನಿಜವಾಗಿಯೂ ಎಲ್ಲಿಗೆ ಎಂದು ತಿಳಿಯಬೇಕಿತ್ತು ಅವಳಿಗೆ, ಹಾಗೇ ಕಾಯುತ್ತ ನಿಂತಿದ್ದಳು. ಅಣ್ಣ ಕಾಫಿ ಕುಡಿದು ಮುಗಿಸಿ, ಕೆ.ಆರ್. ನಗರದ ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಹೋದ.